ಜೈತೂನ್‌ಬಿಯ ಹೊಗೆಯಲ್ಲಿ ಎರಡು ಬಗೆಯ ಕಣ

ಗಾಳಿಕಟ್ಟೆ, ಹೊಟ್ಟಿನಪೇಟೆ, ದಾವಣಗೆರೆ
ವ್ಯಯ ಸಂವತ್ಸರ, ಫೆಬ್ರವರಿ ಮೂವತ್ತು, ಕ್ರಿ.ಶ. ೨೧೮೭

ನೂರ ಅರವತ್ತು ವರ್ಷಗಳ ಹಿಂದೆ ಇದೇ ಊರಿನ ಗಾಳಿಯನ್ನು ಉಸಿರಾಡುತ್ತಿರುವ ಹಿರಿಯರಿಗೆ ನೀಲಗಂಗಮ್ಮ ಮಾಡುವ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಅಜ್ಜಿಯ ಕಾಲದಲ್ಲಿ ಕ್ಯಾಲೆಂಡರನ್ನು ತಿದ್ದಿ, ಜುಲೈ ಮತ್ತು ಆಗಸ್ಟಿನಿಂದ ಒಂದೊಂದು ದಿನ ತೆಗೆದು ಫೆಬ್ರವರಿಗೆ ಕೊಟ್ಟರು. ಪತ್ರದಲ್ಲಿ ಇಂಥ ವಿಚಿತ್ರಗಳು ಇನ್ನೂ ಕೆಲವು ಬರುತ್ತವೆ, ನಿಮ್ಮ ಕಿವಿಗೆ ಒಗ್ಗದ ಪದಗಳೂ ಬರುತ್ತವೆ. ಅದಕ್ಕೆ ಕ್ಷಮೆ ಇರಲಿ. ನಿಮಗೆ ತಿಳಿಯಲೆಂದು ಸಾಧ್ಯವಾದಷ್ಟು ಹಳೆಯ ಪುಸ್ತಕಗಳ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಪುಟವನ್ನು ಓದಿದ ನನ್ನ ಮೊಮ್ಮಗಳು, "ಅಜ್ಜಿ, ಇದು ಶಾಸನ ಇದ್ದಂಗೈತಿ" ಎಂದು ನಕ್ಕಳು. ನಿಮ್ಮನ್ನು ಹಿರಿಯರೆಂದು ಕರೆಯುವುದೂ ಒಂದು ತಮಾಷೆಯೇ. ನಿಮ್ಮಲ್ಲಿ ಹಲವರು ಇಪ್ಪತ್ತರ ಪ್ರಾಯದವರಿರಬಹುದು, ನನಗೆ ಐವತ್ತೆಂಟು.

ನಾನು ಗಾಳಿ ಓದುವವಳು. ನಿಮ್ಮ ಕಾಲದಲ್ಲಿ ಪ್ರತಿ ಬಡಾವಣೆಗೆ ಒಂದು ನೀರಿನ ಟ್ಯಾಂಕ್ ಇದ್ದಂತೆ ನಮ್ಮಲ್ಲಿ ಪ್ರತಿ ಪೇಟೆಗೆ ಒಂದು ಗಾಳಿಕಟ್ಟೆ ಇದೆ. ಅರಳಿಮರದ ಪಕ್ಕದಲ್ಲಿ ಒಂದು ಕೋಣೆ, ಅದರ ಮಾಡಿನ ಮೇಲೆ ಒಂದು ಕೊಳವೆ, ಕೆಳಗೆ ಕಣತಕ್ಕಡಿ. ಈ ಯಂತ್ರ ನಿಮಗೆ ತೀರ ಹೊಸದೇನಲ್ಲ. ಆಗ ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ಇದ್ದ ಇದನ್ನು ನೀವು ಮಾಸ್ ಸ್ಪೆಕ್ಟ್ರೋಮೀಟರ್ ಎನ್ನುತ್ತಿದ್ದಿರಿ. ಅದು ಕೊಳವೆಯಿಂದ ಗಾಳಿಯನ್ನು ಹೀರುತ್ತದೆ. ಗಾಳಿಯಲ್ಲಿ ತೇಲುವ ದೂಳು, ಹೊಗೆ, ಪರಾಗ ಎಲ್ಲದರ ಕಣಗಳೂ ಒಂದು ಸಣ್ಣ ರಂಧ್ರದ ಮೂಲಕ ಸಾಲಾಗಿ ಒಳಗೆ ಬರುತ್ತವೆ. ಒಂದೊಂದು ಕಣ ಬಂದಾಗಲೂ ಅದರ ಮೇಲೆ ಲೇಸರ್ ಬೆಳಕು ಫಕ್ಕನೆ ಬೀಳುತ್ತದೆ, ಕಣ ಚೂರುಚೂರಾಗುತ್ತದೆ, ವಿದ್ಯುತ್ತಿನ ಅಂಶ ಪಡೆದ ಆ ಚೂರುಗಳು ಒಂದೂವರೆ ಮೊಳದ ಕೊಳವೆಯಲ್ಲಿ ಓಡತೊಡಗುತ್ತವೆ. ಹಗುರಾದವು ಮೊದಲು ಮುಟ್ಟುತ್ತವೆ, ಭಾರದವು ಹಿಂದೆ ಉಳಿಯುತ್ತವೆ. ಯಾವುದು ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದರಿಂದ ಅದರ ತೂಕ, ತೂಕದಿಂದ ಅದರ ಹೆಸರು ತಿಳಿಯುತ್ತದೆ. ಕೂದಲೆಳೆಗಿಂತ ನೂರು ಪಾಲು ಸಣ್ಣದಾದ ಒಂದು ಕಣದಲ್ಲಿ ಉಪ್ಪಿದೆಯೋ, ಗಂಧಕವಿದೆಯೋ, ಎಣ್ಣೆಯಿದೆಯೋ, ಎಲ್ಲವೂ ಪರದೆಯ ಮೇಲೆ ಬಣ್ಣಬಣ್ಣದ ಕಡ್ಡಿಗಳಾಗಿ ನಿಲ್ಲುತ್ತದೆ.

ಬೆಳಿಗ್ಗೆ ಏಳಕ್ಕೆ ಕಟ್ಟೆಯ ಮೇಲೆ ನಿಂತು ಆ ದಿನದ ಗಾಳಿಯನ್ನು ಓದಿ ಹೇಳುವುದು ನನ್ನ ಕೆಲಸ. ವಾಕಿಂಗ್ ಹೊರಟವರು, ಹಾಲು ತರಲು ಬಂದವರು, ಶಾಲೆಗೆ ಮಕ್ಕಳನ್ನು ಬಿಡುವವರು ನಿಂತು ಕೇಳುತ್ತಾರೆ. ಪಡುವಣ ಗಾಳಿಯಿದ್ದ ದಿನ ಸಮುದ್ರದ ಉಪ್ಪು ಬಂದಿದೆ ಎಂದರೆ ಕಾರವಾರದ ಕಡೆಯಿಂದ ಬಂದ ಸೊಸೆಯರ ಮುಖ ಅರಳುತ್ತದೆ. ಬೆಣ್ಣೆ ದೋಸೆಯ ಕಾವಲಿ ಎಷ್ಟು ಗಂಟೆಗೆ ಕಾಯಿತು, ಯಾವ ಬೀದಿಯಲ್ಲಿ ಮಿರ್ಚಿ ಕರಿದರು, ಎಣ್ಣೆ ಹೊಸದೋ ನಾಲ್ಕನೆಯ ಸಲದ್ದೋ ಎಂಬುದೂ ನನಗೆ ತಿಳಿಯುತ್ತದೆ. ಆದರೆ ಮನೆಯ ಹೆಸರು ಹೇಳುವಂತಿಲ್ಲ. ಕೆಲಸಕ್ಕೆ ಸೇರುವಾಗ ಹಾಗೆಂದು ಪ್ರಮಾಣ ಮಾಡಿರುತ್ತೇವೆ. ಡಾಕ್ಟರು ಎಣ್ಣೆತಿಂಡಿ ಬಿಡಿ ಎಂದಿರುವ ಗಂಡಸರು ನನ್ನನ್ನು ಕಂಡರೆ ಎರಡು ಸಲ ನಮಸ್ಕಾರ ಮಾಡುವುದು ಅದಕ್ಕೇ.

ನನ್ನ ಕೈಯಲ್ಲಿ ಇನ್ನೊಂದು ಅಧಿಕಾರವಿದೆ, ಅದು ತಮಾಷೆಯದಲ್ಲ. ಅದರ ಹೆಸರು ಆರಿಕೆ ಚೀಟಿ. ಗಾಳಿಯಲ್ಲಿ ಇರಲೇಬಾರದಂಥ ವಿಷ ಮೂರು ದಿನ ಬಿಡದೆ ಕಂಡರೆ, ಅದು ಹೊರಟ ಬೆಂಕಿ ಯಾವುದೆಂದು ನಾನು ಬರೆದು ಸಹಿ ಹಾಕಬೇಕು. ಸಹಿ ಬಿದ್ದ ನಾಲ್ಕು ದಿನದೊಳಗೆ ಆ ಬೆಂಕಿ ಆರಬೇಕು. ಮತ್ತೆ ಆ ಜಾಗದಲ್ಲಿ ಎಂದೂ ಹೊತ್ತುವಂತಿಲ್ಲ. ಬರೆದ ಚೀಟಿಯನ್ನು ಹಿಂದಕ್ಕೆ ಪಡೆದ ಉದಾಹರಣೆ ಹೋದ ವರ್ಷದವರೆಗೆ ಒಂದೂ ಇರಲಿಲ್ಲ. ಹೋದ ವರ್ಷ ಏನಾಯಿತು ಎಂದು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ತಪ್ಪು ನನ್ನದಾದ್ದರಿಂದ ನಾನೇ ಹೇಳುವುದು ಸರಿ.

ನಮ್ಮ ಪೇಟೆಯಲ್ಲಿ ಜೈತೂನ್‌ಬಿ ಎಂಬ ಹಿರಿಯರಿದ್ದಾರೆ. ವಯಸ್ಸು ಎಪ್ಪತ್ತೊಂದು. ಊರಲ್ಲಿ ಉಳಿದಿರುವ ಕೊನೆಯ ಮಂಡಕ್ಕಿ ಭಟ್ಟಿ ಅವರದು. ನಿಮ್ಮ ಕಾಲದಲ್ಲಿ ನೂರಾರು ಇದ್ದವಂತೆ. ಬೇರೆ ಕಡೆ ಈಗ ಮಂಡಕ್ಕಿಯನ್ನು ಬೆಂಕಿಯಿಲ್ಲದ ಪೆಟ್ಟಿಗೆಗಳಲ್ಲಿ ಉಬ್ಬಿಸುತ್ತಾರೆ. ನೋಡಲು ಅದೇ ಮಂಡಕ್ಕಿ, ಬಾಯಿಗೆ ಹಾಕಿದರೆ ಕಾಗದ. ಜೈತೂನ್‌ಬಿ ಮಾತ್ರ ಹಳೆಯ ಕ್ರಮದಲ್ಲೇ ಭತ್ತವನ್ನು ನೆನೆಸಿ, ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಅಕ್ಕಿ ಮಾಡಿಸಿ, ಅದಕ್ಕೆ ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿಯುತ್ತಾರೆ. ಒಲೆಗೆ ಭತ್ತದ ಹೊಟ್ಟು. ಅದರ ಹೊಗೆಯನ್ನು ಶೋಧಿಸಲು ಚಿಮಣಿಯಲ್ಲಿ ಮೂರು ಪದರದ ಜಾಲರಿಯಿದೆ, ಆದ್ದರಿಂದಲೇ ಅನುಮತಿಯೂ ಇದೆ. ಸಂಜೆ ನಾಲ್ಕಕ್ಕೆ ಪೇಟೆಯ ಅರ್ಧ ಜನ ಅವರ ಅಂಗಳದಲ್ಲಿರುತ್ತಾರೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಪೇಟೆಯ ಮೂಡಣಕ್ಕೆ ಒಂದು ಹೊಸ ಕೆರೆ ತೋಡಲು ಶುರುಮಾಡಿದರು. ಯುಗಾದಿಗೆ ನೀರು ಬಿಡಬೇಕೆಂದು ಊರವರೇ ನೂರ ನಲವತ್ತು ಜನ ಸರದಿಯಲ್ಲಿ ಅಗೆಯುತ್ತಿದ್ದರು. ಅವರ ಮುಂದಾಳು ನನ್ನ ತಮ್ಮ ರುದ್ರಮುನಿ. ಬಾಯಿ ತುಂಬ ಮಾತು, ಮೈತುಂಬ ಕೆಲಸ, ಅಂಥವನು. ಅದಾಗಿ ಎರಡು ವಾರಕ್ಕೆ ಎಳೆಯರ ಶಾಲೆಯ ಮಕ್ಕಳಿಗೆ ಕೆಮ್ಮು ಹಿಡಿಯಿತು. ಮೊದಲು ಐದು ಮಕ್ಕಳು, ಆಮೇಲೆ ಹನ್ನೊಂದು. ನನ್ನ ತಕ್ಕಡಿಯಲ್ಲಿ ಕಪ್ಪು ಮಸಿ ಏರಿತು, ಅದರ ಜೊತೆಗೆ ಸತು ಏರಿತು. ಮಸಿ ಮತ್ತು ಸತು ಕೂಡಿ ಕಂಡರೆ ಗಾಳಿ ಓದುವ ಯಾರೇ ಆದರೂ ಹೇಳುವುದು ಒಂದೇ ಮಾತು: ಯಾರೋ ಟೈರು ಸುಡುತ್ತಿದ್ದಾರೆ. ಟೈರಿನ ರಬ್ಬರಿನಲ್ಲಿ ಸತು ಬೆರೆಸಿರುತ್ತಿದ್ದರು. ನಮ್ಮಲ್ಲಿ ಟೈರು ಸುಡುವುದಕ್ಕಿಂತ ದೊಡ್ಡ ಅಪರಾಧಗಳು ಕಡಿಮೆ.

ಮೂರು ದಿನ ನೋಡಿದೆ. ನೋಡಿದ್ದು ಒಟ್ಟು ಲೆಕ್ಕವನ್ನು. ದಿನಕ್ಕೆ ನಲವತ್ತು ಸಾವಿರ ಕಣ ತಕ್ಕಡಿಗೆ ಬರುವಾಗ ಒಂದೊಂದನ್ನೇ ನೋಡುವ ವ್ಯವಧಾನ ಯಾರಿಗಿದೆ? ಎಲ್ಲವನ್ನೂ ಕೂಡಿಸಿ, ಗಾಳಿಯಲ್ಲಿ ಮಸಿ ಇಷ್ಟು, ಸತು ಇಷ್ಟು, ಸುಟ್ಟ ಹೊಟ್ಟಿನ ಗುರುತು ಇಷ್ಟು ಎಂದು ಮೂರು ಗೆರೆ ಎಳೆದು ನೋಡುವುದು ನಮ್ಮ ರೂಢಿ. ಮೂರು ಗೆರೆಗಳೂ ಒಂದೇ ದಿನ ಏರಿದ್ದವು, ಒಟ್ಟೊಟ್ಟಿಗೆ ನಡೆದಿದ್ದವು. ಪೇಟೆಯಲ್ಲಿ ದೊಡ್ಡ ಬೆಂಕಿ ಇರುವುದು ಒಂದೇ. ಆ ಎರಡು ವಾರದಲ್ಲಿ ಜೈತೂನ್‌ಬಿಯ ಭಟ್ಟಿ ಎರಡು ಪಾಲು ಹೆಚ್ಚು ಉರಿದಿತ್ತು ಎಂಬುದೂ ಎಲ್ಲರಿಗೆ ಗೊತ್ತಿತ್ತು. ಹೊಟ್ಟು ಸಾಲದೆ ಯಾವುದೋ ಹಳೆಯ ರಬ್ಬರು ಹಾಕಿರಬೇಕು ಎಂದುಕೊಂಡೆ.

ಪೇಟೆಯ ಸಭೆಯಲ್ಲಿ ಚೀಟಿ ಓದಿದೆ. ಸಭೆಯ ಹಿರಿಯ ತಿಪ್ಪೇಶಪ್ಪನವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಜೈತೂನ್‌ಬಿ ಎದ್ದು ನಿಂತು ನನ್ನನ್ನೇ ನೋಡಿದರು.

"ನೀಲವ್ವಾ, ನಿನ್ನ ಹೆರಿಗಿಗೆ ಕಾಸಿದ ನೀರು ನನ್ನ ಭಟ್ಟಿದು. ನಾನು ಒಲಿಗೆ ಹೊಟ್ಟು ಬಿಟ್ಟು ಬ್ಯಾರೆ ಏನೂ ಹಾಕಿಲ್ಲ."

"ಅಮ್ಮಾ, ನಾ ಹೇಳ್ತಿಲ್ಲ, ತಕ್ಕಡಿ ಹೇಳ್ತೈತಿ" ಎಂದೆ.

ಈಗ ನೆನೆದರೆ ಆ ಮಾತಿಗೆ ನನಗೇ ನಾಚಿಕೆಯಾಗುತ್ತದೆ. ತಕ್ಕಡಿ ಏನನ್ನೂ ಹೇಳುವುದಿಲ್ಲ, ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಮರುದಿನ ಹತ್ತು ಗಂಟೆಗೆ ಜೈತೂನ್‌ಬಿ ನನ್ನ ಕಟ್ಟೆಗೆ ಬಂದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಅವರು ಚಪ್ಪಲಿಯನ್ನು ಹೊರಗೆ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಯಂತ್ರದ ಮುಂದಿನ ಮಣೆಯ ಮೇಲೆ ಕುಳಿತರು.

"ಆರಿಸೋಕೆ ಇನ್ನೂ ಮೂರು ದಿನ ಐತಲ್ಲ. ಅಷ್ಟರಾಗ ನನ್ನ ಹೊಗಿ ಹೆಂಗೈತಿ ಅಂತ ಒಂದ್ಸಲ ನೋಡಬೇಕು. ತೋರಿಸ್ತೀಯೇನು?"

ಒಟ್ಟು ಲೆಕ್ಕದ ಗೆರೆಗಳನ್ನು ತೋರಿಸಿದೆ. ಅವರಿಗೆ ಅದು ರುಚಿಸಲಿಲ್ಲ. "ಇದು ಗೀಟು. ಹೊಗಿ ತೋರಿಸು" ಎಂದರು. ಹಿರಿಯರ ಮನಸ್ಸು ಯಾಕೆ ನೋಯಿಸಬೇಕೆಂದು ಒಂದೊಂದು ಕಣವನ್ನೇ ಪರದೆಗೆ ತಂದೆ. ಹಳದಿ ಕಡ್ಡಿ ಇದ್ದರೆ ಸುಟ್ಟ ಹೊಟ್ಟು ಎಂದು ಹೇಳಿಕೊಟ್ಟೆ. ಹುಲ್ಲು, ಸೌದೆ, ಹೊಟ್ಟು ಯಾವುದು ಸುಟ್ಟರೂ ಅದರ ನಾರಿನಿಂದ ಒಂದು ಬಗೆಯ ಸಕ್ಕರೆ ಹೊಗೆಯ ಜೊತೆ ಹೊರಡುತ್ತದೆ, ಹಳದಿ ಕಡ್ಡಿ ಆ ಸಕ್ಕರೆಯ ಗುರುತು. ಕಪ್ಪು ಕಡ್ಡಿ ಮಸಿ. ನೀಲಿ ಕಡ್ಡಿ ಸತು. ತಮ್ಮ ಹೊಗೆಯಲ್ಲಿ ಸಕ್ಕರೆ ಇದೆಯೇ ಎಂದು ಅವರು ಬೆರಗಾಗಿ ನಕ್ಕರು. ಆಮೇಲೆ ಮಾತು ನಿಲ್ಲಿಸಿ ನೋಡತೊಡಗಿದರು. ಒಂದು, ಎರಡು, ಐವತ್ತು, ನೂರು. ನನಗೆ ಆಕಳಿಕೆ ಬಂತು. ಅವರಿಗೆ ಬರಲಿಲ್ಲ.

"ನಿಲ್ಲಿಸು. ನೀಲವ್ವಾ, ಇದು ಎರಡು ಚೀಲದ್ದು."

"ಏನಮ್ಮಾ ಅದು?"

"ಅರವತ್ತು ವರ್ಷ ಜರಡಿ ಹಿಡಿದೀನಿ. ಎರಡು ಚೀಲದ ಅಕ್ಕಿ ಕೂಡಿಸಿ ಒಂದೇ ಚೀಲ ಅಂತ ಕೊಟ್ರೆ ನನ್ನ ಕೈಗೆ ಗೊತ್ತಾಗತೈತಿ. ನೋಡು, ಹಳದಿ ಇದ್ದದ್ದಕ್ಕ ನೀಲಿ ಇಲ್ಲ. ನೀಲಿ ಇದ್ದದ್ದಕ್ಕ ಹಳದಿ ಇಲ್ಲ. ಒಂದರಾಗೂ ಎರಡೂ ಕೂಡಿ ಬಂದಿಲ್ಲ. ನನ್ನ ಒಲಿಯಾಗ ರಬ್ಬರು ಸುಟ್ಟಿದ್ರೆ ಹೊಟ್ಟಿನ ಜೊತೀಗೇ ಸುಡಬೇಕಾಗಿತ್ತಲ್ಲ?"

ನನ್ನ ಆಕಳಿಕೆ ಅಲ್ಲಿಗೇ ನಿಂತಿತು. ಮೂವತ್ತು ವರ್ಷದಿಂದ ಈ ಯಂತ್ರದ ಮುಂದೆ ಕುಳಿತವಳು ನಾನು. ಎರಡು ಗಂಟೆ ಕುಳಿತವರು ಅವರು. ನಾನು ಮೂರು ದಿನದ ಎಲ್ಲ ಕಣಗಳನ್ನೂ ತೆಗೆದು ಸತು ಇರುವುದನ್ನು ಒಂದು ಕಡೆ, ಸಕ್ಕರೆ ಇರುವುದನ್ನು ಒಂದು ಕಡೆ ಮಾಡಿದೆ. ಒಂದು ಲಕ್ಷ ಇಪ್ಪತ್ತು ಸಾವಿರ ಕಣಗಳಲ್ಲಿ ಎರಡೂ ಸೇರಿ ಇದ್ದವು ಒಂಬತ್ತು ಮಾತ್ರ. ಸತುವಿನ ಕಣಗಳಲ್ಲಿ ಬೇರೆ ಏನಿದೆ ಎಂದು ನೋಡಿದರೆ ಪ್ರತಿಯೊಂದಕ್ಕೂ ಜೇಡಿಮಣ್ಣು ಅಂಟಿಕೊಂಡಿತ್ತು. ಹೊಸ ಹೊಗೆಗೆ ಮಣ್ಣು ಎಲ್ಲಿಂದ ಬರಬೇಕು? ಅದು ಎಂದೋ ಸುಟ್ಟು, ಮಣ್ಣಿನಲ್ಲಿ ಬಹಳ ಕಾಲ ಮಲಗಿ, ಈಗ ಎದ್ದ ಮಸಿ.

ಇನ್ನು ಹೊತ್ತನ್ನು ನೋಡಿದೆ. ಸತುವಿನ ಕಣಗಳು ಬೆಳಿಗ್ಗೆ ಎಂಟಕ್ಕೆ ಶುರುವಾಗಿ, ಹನ್ನೆರಡೂವರೆಗೆ ನಿಂತು, ಒಂದೂವರೆಗೆ ಮತ್ತೆ ಶುರುವಾಗುತ್ತಿದ್ದವು. ದಿನವೂ ಹಾಗೆಯೇ.

"ಊಟಕ್ಕ ಎದ್ದು ಹೋಗೋ ಹೊಗಿ ಯಾವುದವ್ವಾ?" ಎಂದು ಕೇಳಿದರು ಜೈತೂನ್‌ಬಿ. ಕೇಳಿದ ಮರುಕ್ಷಣ ಇಬ್ಬರೂ ಕಿಟಕಿಯಿಂದ ಮೂಡಣಕ್ಕೆ ನೋಡಿದೆವು. ಕೆರೆಯ ಕಡೆ ಗುದ್ದಲಿಗಳು ಏಳುತ್ತಿದ್ದವು, ಇಳಿಯುತ್ತಿದ್ದವು.

ನಾನು ಒಬ್ಬಳೇ ಹೋದೆ. ತಮ್ಮನ ಎದುರಿಗೆ ಆಡಬೇಕಾದ ಮಾತು ತಮ್ಮನ ಎದುರಿಗೇ ಇರಲಿ ಎಂದು. ರುದ್ರಮುನಿ ಹೊಂಡದ ತಳದಲ್ಲಿದ್ದ. ಮೊಣಕಾಲವರೆಗೆ ಕಪ್ಪು.

"ಅಕ್ಕಾ, ನೋಡಿಲ್ಲಿ! ಎಂಥಾ ಎರಿಮಣ್ಣು ಸಿಕ್ಕೈತಿ! ಒಂದು ಮೊಳ ದಪ್ಪ ಐತಿ. ಎಲ್ಲಾರ ಹಿತ್ತಲಕ್ಕೂ ಕೊಟ್ಟೀನಿ. ಸಾಲಿ ಕೈತೋಟಕ್ಕ ನಾನೇ ಹದಿನಾಲ್ಕು ಗಾಡಿ ಹಾಕಿಸೀನಿ."

ಅವನ ಮುಖದ ತುಂಬ ಸಂತೋಷವಿತ್ತು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಅದರಲ್ಲಿ ಉಕ್ಕಿನ ಸಣ್ಣ ತಂತಿಗಳಿದ್ದವು, ತುಕ್ಕು ಹಿಡಿದು ಕೂದಲಿನಂತಾಗಿದ್ದವು. ಟೈರಿನ ಒಳಗಿನ ತಂತಿ. ನಿಮ್ಮ ಕಾಲದಲ್ಲಿ ಯಾರೋ ಅಲ್ಲಿ ಒಂದು ಗುಂಡಿಯಲ್ಲಿ ರಾಶಿ ರಾಶಿ ಟೈರು ಸುಟ್ಟು, ಮೇಲೆ ಮಣ್ಣೆಳೆದು ಹೋಗಿದ್ದರು.

"ರುದ್ರಾ, ಇದು ಎರಿಮಣ್ಣಲ್ಲೋ, ಬೂದಿ" ಎಂದೆ.

ಅವನು ಮೊದಲು ಸಿಟ್ಟಾದ. ಯುಗಾದಿಗೆ ನೀರು ಬಿಡುತ್ತೇನೆಂದು ಊರಿಗೆಲ್ಲ ಮಾತು ಕೊಟ್ಟಿದ್ದ. ನಿನ್ನ ಚೀಟಿ ತಪ್ಪಾದರೆ ನನ್ನ ಕೆರೆಯ ಮೇಲೆ ಯಾಕೆ ಹಾಕುತ್ತೀಯ ಎಂದ. ಆಮೇಲೆ ತಂತಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಹೊರಳಿಸಿ ನೋಡಿದ. "ಸಾಲಿ ತ್ವಾಟಕ್ಕ ನಾನೇ ಹಾಕೀನಿ ಅಕ್ಕಾ" ಎಂದ. ಅವನ ಮಗಳೂ ಆ ಹನ್ನೊಂದು ಮಕ್ಕಳಲ್ಲಿ ಒಬ್ಬಳು. ಅವನು ಹೊಂಡದಿಂದ ಮೇಲೆ ಬಂದು ಕೈಯೆತ್ತಿ ಕೆಲಸ ನಿಲ್ಲಿಸಿದ. ಅರ್ಧ ಗಂಟೆಯಲ್ಲಿ ಎಲ್ಲರೂ ಗುದ್ದಲಿ ಬಿಟ್ಟು ಕೊಡ ಹಿಡಿದಿದ್ದರು. ದೂಳು ಏಳದಂತೆ ಮಣ್ಣು ನೆನೆಸುವುದು ಮೊದಲ ಕೆಲಸವಾಯಿತು.

ಹಾಗಾದರೆ ಭಟ್ಟಿಯ ಹೊಗೆ ಅದೇ ದಿನಗಳಲ್ಲಿ ಏಕೆ ಏರಿತ್ತು? ಮರುದಿನ ಮತ್ತೆ ಸೇರಿದ ಪೇಟೆಯ ಸಭೆ ಅದರ ಉತ್ತರ ಕೇಳಿ ನಕ್ಕಿತು. ನೂರ ನಲವತ್ತು ಜನ ಅಗೆಯುವವರಿಗೆ ದಿನಾ ಸಂಜೆ ಖಾರ ಮಂಡಕ್ಕಿ ಬೇಕಿತ್ತು. ಕೆರೆ ತೋಡಿದಷ್ಟು ಹಸಿವು, ಹಸಿವಾದಷ್ಟು ಭಟ್ಟಿ. ಗೆರೆಗಳು ಒಟ್ಟಿಗೆ ಏರಲು ಕಾರಣ ನಮ್ಮವರ ಹೊಟ್ಟೆ.

ಆದರೆ ನಗುವ ಮೊದಲು ನಾನು ಹೇಳಬೇಕಾದ್ದನ್ನು ಹೇಳಿದ್ದೆ. ಎಲ್ಲರ ಮುಂದೆ ಚೀಟಿ ಹರಿದೆ. ಒಟ್ಟು ಲೆಕ್ಕ ನೋಡಿ ಅವಸರಪಟ್ಟೆ, ಒಬ್ಬ ಹಿರಿಯರ ಹೆಸರು ಕೆಡಿಸಿದೆ, ಇನ್ನು ಈ ಕಟ್ಟೆಯ ಮೇಲೆ ನಿಲ್ಲುವ ಯೋಗ್ಯತೆ ನನಗಿಲ್ಲ ಎಂದೆ. ತಿಪ್ಪೇಶಪ್ಪನವರು ಕನ್ನಡಕ ಒರೆಸುತ್ತ, "ಜೈತೂನಮ್ಮ, ನೀವೇ ಹೇಳ್ರಿ" ಎಂದರು.

ಜೈತೂನ್‌ಬಿ ಎದ್ದರು. "ನೋವಾಗೈತಿ. ಇಲ್ಲ ಅನ್ನಂಗಿಲ್ಲ. ಎರಡು ದಿನ ನನ್ನ ಅಂಗಳಕ್ಕ ಒಂದು ನರಪಿಳ್ಳೆ ಬಂದಿಲ್ಲ. ಆದ್ರ ನೀಲವ್ವನ್ನ ಕಳಿಸಿದ್ರ ಹೊಸಬರು ಬರ್ತಾರ, ಅವರೂ ಗೀಟೇ ನೋಡ್ತಾರ. ಈಕಿ ಇರಲಿ. ಇನ್ನ ಮ್ಯಾಲೆ ಚೀಟಿ ಬರಿಯೋ ಮೊದಲು ಜರಡಿ ಹಿಡೀಬೇಕು. ನಾನೂ ಬಂದು ಕೂಡ್ತೀನಿ."

ಅದೇ ನಿಯಮವಾಯಿತು. ಚೀಟಿಗೆ ಸಹಿ ಹಾಕುವ ಮೊದಲು ಕಣಗಳನ್ನು ಒಂದೊಂದಾಗಿ ಬೇರ್ಪಡಿಸಿ ಓದಬೇಕು. ಇಬ್ಬರು ಓದಬೇಕು, ಅವರಲ್ಲಿ ಒಬ್ಬರು ಯಂತ್ರ ಕಲಿತವರಾಗಿರಬಾರದು. ಇದಕ್ಕೆ ಜರಡಿ ಓದು ಎಂದು ಹೆಸರು. ಈ ವರ್ಷ ಹರಿಹರದಲ್ಲೂ ಚಿತ್ರದುರ್ಗದಲ್ಲೂ ಇದನ್ನೇ ಅನುಸರಿಸುತ್ತಿದ್ದಾರೆ. ಹಿತ್ತಲುಗಳಿಗೆ ಹೋದ ಮಣ್ಣನ್ನೆಲ್ಲ ರುದ್ರಮುನಿ ಮನೆಮನೆಗೆ ಹೋಗಿ ಕೈಮುಗಿದು ವಾಪಸು ತಂದ. ಹಸಿಯಾಗಿಯೇ ಸಿಮೆಂಟಿನ ಜೊತೆ ಕಲಸಿ, ಅಚ್ಚಿಗೆ ಹಾಕಿ ಇಟ್ಟಿಗೆ ಮಾಡಿ ಮುಚ್ಚಿಟ್ಟರು. ಮಕ್ಕಳ ಕೆಮ್ಮು ಮೂರು ವಾರದಲ್ಲಿ ಹೋಯಿತು. ಕೆರೆಗೆ ನೀರು ಯುಗಾದಿಗೆ ಬರಲಿಲ್ಲ, ಕಾರಹುಣ್ಣಿಮೆಗೆ ಬಂತು. ನೀರು ಬಂದ ದಿನ ತಮ್ಮ ಎಲ್ಲರಿಗಿಂತ ಮೊದಲು ಧುಮುಕಿದ, ಚಪ್ಪಲಿ ಸಮೇತ.

ಆ ಗುಂಡಿಯ ವಿಷಯದಲ್ಲಿ ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ. ಸುಟ್ಟವರು ಯಾರೋ, ಅವರ ಸಂಕಟ ಏನಿತ್ತೋ ಯಾರಿಗೆ ಗೊತ್ತು. ಆದರೆ ಮುಚ್ಚುವವರು ಎಲ್ಲಿ, ಏನನ್ನು ಮುಚ್ಚಿದೆವು ಎಂದು ಒಂದು ಸಾಲು ಬರೆದಿಟ್ಟಿದ್ದರೆ ಹನ್ನೊಂದು ಮಕ್ಕಳು ಕೆಮ್ಮುತ್ತಿರಲಿಲ್ಲ. ಇಷ್ಟನ್ನು ಮಾತ್ರ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ನಿಮ್ಮ ಊರಿನ ಗಾಳಿಯಲ್ಲಿ ಏನಿದೆ ಎಂದು ಅಳೆಯುವವರು ನಿಮ್ಮಲ್ಲೂ ಕೆಲವರು ಇದ್ದಾರೆಂದು ಬಲ್ಲೆ. ಅವರು ಹೇಳಿದಾಗ ನಿಂತು ಕೇಳಿ. ಬರೀ ಒಟ್ಟು ಲೆಕ್ಕ ಹೇಳಿದರೆ, ಬಿಡಿಸಿ ಹೇಳಿ ಎನ್ನಿ.

ಪತ್ರವನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ, ಆದರೆ ಈಗಷ್ಟೇ ಜೈತೂನ್‌ಬಿ ಯಂತ್ರದ ಮುಂದಿನಿಂದ ಕೂಗಿ ಕರೆದರು. ಪರದೆಯ ಮೇಲೆ ನಾನು ಎಂದೂ ಕಾಣದ ಕಣವೊಂದು ನಿಂತಿದೆ. ಬೇರಿಯಂ, ಅಲ್ಯೂಮಿನಿಯಂ, ಗಂಧಕ, ಸ್ವಲ್ಪ ಕಬ್ಬಿಣ. ಹಳೆಯ ಪಟ್ಟಿಯಲ್ಲಿ ಹುಡುಕಿದೆ. ಅದು ನಿಮ್ಮ ಕಾಲದ ದೀಪಾವಳಿಯ ಸುರುಸುರುಬತ್ತಿಯದಂತೆ. ಯಾರದೋ ಅಂಗಳದ ಮಣ್ಣಿನಿಂದ ಇವತ್ತು ಎದ್ದು ಬಂದಿದೆ. ಅದನ್ನು ಉರಿಸುವುದು ನಿಂತು ನೂರು ವರ್ಷ ದಾಟಿದೆ, ನೋಡಿದವರು ಯಾರೂ ಉಳಿದಿಲ್ಲ.

"ಹೆಂಗಿರ್ತಿತ್ತವ್ವಾ ಅದು?" ಎಂದು ಜೈತೂನ್‌ಬಿ ಕೇಳುತ್ತಿದ್ದಾರೆ.

ನನಗೆ ಗೊತ್ತಿಲ್ಲ. ಅದರಲ್ಲಿ ಏನೇನಿತ್ತು, ಎಷ್ಟೆಷ್ಟಿತ್ತು ಎಂದು ಹೇಳಬಲ್ಲೆ, ಹೇಗಿತ್ತು ಎಂದು ಹೇಳಲಾರೆ. ನಿಮ್ಮಲ್ಲಿ ಯಾರಾದರೂ ಅದನ್ನು ಕೈಯಲ್ಲಿ ಹಿಡಿದಿದ್ದರೆ ಎರಡು ಸಾಲು ಬರೆದು, ಒಂದು ಡಬ್ಬಿಯಲ್ಲಿ ಹಾಕಿ, ಅಂಗಳದಲ್ಲಿ ಹೂತಿಡಿ. ಹೇಗೂ ನಾವು ಅಗೆಯುತ್ತಲೇ ಇರುತ್ತೇವೆ.

ನಿಮ್ಮ ಗಾಳಿಯನ್ನೇ ಉಸಿರಾಡುತ್ತಿರುವ,
ನೀಲಗಂಗಮ್ಮ